ಚರಂಡಿ ನೀರು ಕೆರೆ ಸೇರುತ್ತಿದೆ, ಯಂತ್ರ ಹಾಕಿಸೋಣವೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ ಸದಸ್ಯ. ನಮ್ಮೂರಲ್ಲಿ 200 ಮನೆ, ಸುಮಾರು ಸಾವಿರ ಜನ. ಮನೆಮನೆಗೆ ನಲ್ಲಿ ಬಂದ ಮೇಲೆ ಚರಂಡಿ ಬೇಸಿಗೆಯಲ್ಲೂ ಹರಿದು ಕೆರೆ ಸೇರುತ್ತಿದೆ. ಕೆರೆ ತುಂಬ ಅಂತರಗಂಗೆ. ಗಾಳಿ ಊದಿ ನೀರು ಶುದ್ಧ ಮಾಡುವ ಯಂತ್ರ ಹಾಕಿಸಿ ಅಂತ ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಬೇಡ. ಯಂತ್ರ ಕೆಟ್ಟದ್ದು ಅಂತಲ್ಲ. ಅದರೊಳಗೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಹಗಲು ರಾತ್ರಿ ಗಾಳಿ ಬೇಕು. ಕರೆಂಟು ಒಂದು ದಿನ ಕೈಕೊಟ್ಟರೆ ಅವು ಸಾಯತೊಡಗುತ್ತವೆ, ತೊಟ್ಟಿ ನಾರುತ್ತದೆ. ನಿಮ್ಮ ನೀರುಗಂಟಿ ಗುದ್ದಲಿ, ಜಾಳಿಗೆ ಹಿಡಿದು ನಡೆಸಬಲ್ಲಂಥದ್ದೇ ನಿಮ್ಮೂರಿಗೆ ಸರಿ.

ಲೆಕ್ಕ ಹಾಕೋಣ. ಜಲ ಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ಮುಕ್ಕಾಲಿಗೆ ತುಸು ಕಡಿಮೆ ಬಚ್ಚಲು, ಅಡುಗೆಮನೆಯಿಂದ ಹೊರಗೆ ಹೋಗುತ್ತದೆ. ಅಂದರೆ ನಿಮ್ಮೂರಿನದು ದಿನಕ್ಕೆ 38 ಸಾವಿರ ಲೀಟರ್ ಆಸುಪಾಸು.

ಮೊದಲು ಬೆಳಗಿನ ಜಾವ ಚರಂಡಿಗುಂಟ ನಡೆದು ನೋಡಿ. ಸೋಪಿನ ಬೂದು ನೀರಿನ ನಡುವೆ ಎಲ್ಲೋ ಒಂದು ಪಿವಿಸಿ ಪೈಪಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿದ್ದರೆ ಅದು ಯಾರದೋ ಸೆಪ್ಟಿಕ್ ಟ್ಯಾಂಕಿನದು. ಮನಸ್ತಾಪ ಆದರೂ ಸರಿ, ಅದನ್ನು ಮುಚ್ಚಿಸಿ, ಅವರ ಜಾಗದಲ್ಲೇ ಇಂಗುಗುಂಡಿಗೆ ತಿರುಗಿಸಿ. ಮಲದ ನೀರು ಬೆರೆತರೆ ಮುಂದಿನ ಕೆಲಸವೆಲ್ಲ ದುಬಾರಿ.

ಆಮೇಲೆ ಮನೆ ಹಿಂದಿನ ಬಚ್ಚಲುಗುಂಡಿ. ಕೆಂಪು ಮಣ್ಣಿನ ಓಣಿಯಲ್ಲಿ ಮೂರಡಿ ಉದ್ದ, ಅಗಲ, ಆಳದ ಗುಂಡಿಗೆ ಕಲ್ಲು ತುಂಬಿದರೆ ಒಂದು ಮನೆಗೆ ಸಾಕು. ಎರೆಮಣ್ಣಿನಲ್ಲಿ ಇದು ನಡೆಯದು. ಅನುಮಾನವಿದ್ದರೆ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಆ ಓಣಿ ಬಿಡಿ. ಬಾವಿ, ಕೊಳವೆಬಾವಿಯಿಂದ ಐವತ್ತಡಿಯಾದರೂ ದೂರ ಇರಲಿ. ಗುಂಡಿಗೆ ಮುಂಚೆ ಮುಚ್ಚಳವಿರುವ ಪುಟ್ಟ ತೊಟ್ಟಿ ಬೇಕೇ ಬೇಕು. ನಾನು ನೋಡಿದ, ನೀರು ಇಂಗದೆ ಕಟ್ಟಿಕೊಂಡ ಗುಂಡಿಗಳಲ್ಲಿ ಸಿಕ್ಕಿದ್ದು ಅನ್ನದ ಗಂಜಿ, ಪಾತ್ರೆ ತಿಕ್ಕಿದ ಬೂದಿ, ಒಂದು ರೂಪಾಯಿ ಶಾಂಪೂ ಪಾಕೀಟು. ಇವು ತೊಟ್ಟಿಯಲ್ಲೇ ನಿಂತರೆ ವಾರಕ್ಕೊಮ್ಮೆ ಬಾಚಿ ತೆಗೆಯಬಹುದು.

ಅರ್ಧ ಊರು ಹೀಗೆ ಇಂಗಿಸಿಕೊಂಡರೆ ಚರಂಡಿಯಲ್ಲಿ ಉಳಿಯುವುದು 20 ಸಾವಿರ ಲೀಟರ್. ಅದಕ್ಕೆ ಕೆರೆಗಿಂತ ಮುಂಚೆ ನಾಲ್ಕೈದು ಗುಂಟೆ ಜಾಗದಲ್ಲಿ ಒಂದರಿಂದ ಇನ್ನೊಂದಕ್ಕೆ ನೀರು ಹರಿಯುವಂತೆ ಒಂದರ ಪಕ್ಕ ಒಂದು ಮೂರು ಹೊಂಡ ಸಾಕು. ಕೆರೆ ಅಂಗಳದಲ್ಲಿ ಮಾತ್ರ ತೋಡಬೇಡಿ. ಮೊದಲನೆಯದು ಆರೇಳು ಅಡಿ ಆಳ, ಅಲ್ಲಿ ಕೆಸರು ತಳ ಸೇರುತ್ತದೆ. ಎರಡನೆಯದು ಐದು, ಮೂರನೆಯದು ಮೂರೂವರೆ ಅಡಿ. ಅಲ್ಲಿ ಬಿಸಿಲಿಗೆ ಪಾಚಿ ಬೆಳೆದು ಅದೇ ಆಮ್ಲಜನಕ ಕೊಡುತ್ತದೆ, ನಿಮ್ಮ ಗುತ್ತಿಗೆದಾರರ ಬ್ಲೋವರ್ ಮಾಡುವ ಕೆಲಸವನ್ನೇ. ನೀರು ಹಸಿರಾದರೆ ಗಾಬರಿ ಬೇಡ. ಒಟ್ಟು ಏಳೆಂಟು ದಿನ ನೀರು ಅಲ್ಲಿ ನಿಲ್ಲುವಂತಿರಲಿ. ಬಚ್ಚಲುಗುಂಡಿಗೆ ಬೇಡವಾದ ಎರೆಮಣ್ಣು ಇಲ್ಲಿ ಉಪಕಾರಿ: ದಮ್ಮಸು ಮಾಡಿದ ತಳದಲ್ಲಿ ನೀರು ಅಷ್ಟಾಗಿ ಸೋರುವುದಿಲ್ಲ.

ಸೊಳ್ಳೆ ಬಗ್ಗೆ ಊರವರು ಕೇಳಿಯೇ ಕೇಳುತ್ತಾರೆ. ದಡದ ಹುಲ್ಲು ಕೀಳಿಸಿ, ಕೊನೆಯ ಹೊಂಡಕ್ಕೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ. ಹೊರಬರುವ ನೀರು ತೆಂಗಿಗೆ, ನೇಪಿಯರ್ ಹುಲ್ಲಿಗೆ ಆಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ.

ಗ್ರಾಮಸಭೆಯಲ್ಲಿ ಠರಾವು ಬರೆಯುವಾಗ ಕಾಮಗಾರಿ ಮೊತ್ತದ ಜೊತೆಗೆ, ಹೊಂಡದ ಮುಂದಿನ ಜಾಲರಿ ಕಸ ದಿನಾ ಯಾರು ತೆಗೆಯುತ್ತಾರೆ, ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನೂ ಬರೆಸಿ.