ಮಳೆ ಬಂತು ಸರಿ, ಹಕ್ಕಿ ಎಲ್ಲಿ ಹೋಯಿತು?

ನಮಸ್ಕಾರ.

ಅಮೆರಿಕದ ಮಿಸೌರಿ ರಾಜ್ಯದಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ ಬರಹ ಓದಿದೆ. ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ನೆರೆಮನೆಯ ಅಜ್ಜನ ಜೊತೆ ಓಝಾರ್ಕ್ ಗುಡ್ಡಗಳ ಕಾಡಿಗೆ ಟರ್ಕಿ ಹಕ್ಕಿಯ ಶಿಕಾರಿಗೆ ಹೋಗಿ, ಮಳೆಗಾಳಿಗೆ ಸಿಕ್ಕಿ, ಬರಿಗೈಯಲ್ಲಿ ವಾಪಸ್ ಬಂದ ಕಥೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಅಜ್ಜನ ಪಾತ್ರವೂ ಇಷ್ಟವಾಯಿತು.

ಶಿಕಾರಿ ಬರಹ ನಮಗೆ ಯಾಕೆ ಅಂತ ಇಲ್ಲಿ ಒಬ್ಬರು ಕೇಳಿದರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ನಿಜ. ಅಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ವಸಂತದಲ್ಲಿ ಗಂಡು ಹಕ್ಕಿಗೆ, ಇಲ್ಲವೇ ಎದೆಯಲ್ಲಿ ಗಡ್ಡದಂಥ ಕುಚ್ಚು ಇರುವ ಹಕ್ಕಿಗೆ ಮಾತ್ರ ಅನುಮತಿ. ಒಂದು ಕಾಲದಲ್ಲಿ ಆ ರಾಜ್ಯದಲ್ಲಿ ಈ ಹಕ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಉಳಿದವನ್ನು ಹಿಡಿದು ಬೇರೆ ಬೇರೆ ಕಾಡುಗಳಿಗೆ ಬಿಟ್ಟು, ಸಂಖ್ಯೆ ಹೆಚ್ಚಿದ ಮೇಲೆ 1960ರಲ್ಲಿ ಮತ್ತೆ ಸೀಸನ್ ತೆರೆದರು. ಹಾಗಾಗಿ ಕೋವಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಿಮ್ಮ ಮಳೆಯ ಬಗ್ಗೆ.

ಎರಡನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಧೋ ಎಂದು ಸುರಿಯುವ ಮಳೆಯಲ್ಲಿ ಗಂಡು ಟರ್ಕಿ ನವಿಲಿನಂತೆ ಗರಿಬಿಚ್ಚಿ ಕುಣಿಯುತ್ತಿತ್ತು.’ ಇಲ್ಲಿ ನಾನು ಓದುವುದು ನಿಲ್ಲಿಸಿದೆ. ನೀವು ಇದನ್ನು ನೋಡಿದಿರಾ? ನನಗೆ ನಂಬಿಕೆ ಬರಲಿಲ್ಲ, ಎರಡು ರಾತ್ರಿ ಕೂತು ಈ ಹಕ್ಕಿಯ ಬಗ್ಗೆ ಓದಿದೆ. ಗಂಡು ಟರ್ಕಿ ಹೆಣ್ಣಿನ ಮುಂದೆ ಮೈಯ ಗರಿಯೆಲ್ಲ ಉಬ್ಬಿಸಿ, ಬಾಲವನ್ನು ಬೀಸಣಿಗೆಯಂತೆ ಅರಳಿಸಿ, ರೆಕ್ಕೆಯನ್ನು ನೆಲಕ್ಕೆ ಉಜ್ಜಿಕೊಂಡು ನಡೆಯುತ್ತದೆ. ಅದಕ್ಕೆ ಗರಿ ಒಣಗಿರಬೇಕು. ಜೋರು ಮಳೆಯಲ್ಲಿ ಗರಿ ಒದ್ದೆಯಾಗಿ, ಭಾರವಾಗಿ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆಗ ಅದು ಕುತ್ತಿಗೆ ಮೇಲೆತ್ತಿ, ಮೈ ಸಪೂರ ಮಾಡಿಕೊಂಡು, ನೀರು ಬೆನ್ನ ಮೇಲಿಂದ ಇಳಿದುಹೋಗುವಂತೆ ಕಂಬದ ಹಾಗೆ ನಿಂತುಬಿಡುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಮೈ ಕೊಡವುತ್ತದೆ. ಕುಣಿತ ಏನಿದ್ದರೂ ಆಮೇಲೆ.

ನಮ್ಮ ನವಿಲೂ ಅಷ್ಟೇ. ಮೋಡ ಕವಿದಾಗ ಕುಣಿಯುತ್ತದೆ, ಮಳೆ ರಪರಪ ಹೊಯ್ದರೆ ಗರಿ ಮಡಚಿ ಮರದ ಕೆಳಗೆ ಹೋಗುತ್ತದೆ, ನಾನೇ ನೋಡಿದ್ದೇನೆ. ನವಿಲು ನಿಮ್ಮ ಬರಹಕ್ಕೆ ಬಂದಿದ್ದು ಮಿಸೌರಿಯ ಕಾಡಿನಿಂದಲ್ಲ, ಶಾಲೆಯ ಪಾಠದಿಂದ. ಸಾವಿರಾರು ಮೈಲಿ ದೂರದ ಹಕ್ಕಿಯನ್ನು ನಮಗೆ ತೋರಿಸುವ ಅವಕಾಶ ನಿಮಗಿತ್ತು. ತೋರಿಸಿದ್ದು ನಮಗೆ ಗೊತ್ತಿರುವ ಹಕ್ಕಿಯನ್ನೇ, ಅಲ್ವಾ?

ಮುಂದಿನ ಸಾಲು: ‘ಗುಡುಗಿಗೆ ಬೆದರಿದ ಹಕ್ಕಿಯೊಂದು ಆರ್ತನಾದ ಮಾಡಿತು.’ ಬೆದರಿದ್ದು ಅಂತ ನಿಮಗೆ ಹೇಗೆ ಗೊತ್ತಾಯಿತು? ವಸಂತದಲ್ಲಿ ಗಂಡು ಟರ್ಕಿ ಥಟ್ಟನೆ ಕೇಳಿದ ಯಾವ ದೊಡ್ಡ ಸದ್ದಿಗೂ ತಿರುಗಿ ಕೂಗುವುದುಂಟು. ಗೂಬೆ ಕೂಗಿದರೂ ಸರಿ, ಕಾಗೆ ಕೂಗಿದರೂ ಸರಿ, ಯಾರೋ ಕಾರಿನ ಬಾಗಿಲು ದಢ್ ಅಂತ ಹಾಕಿದರೂ ಸರಿ. ಅಲ್ಲಿನ ಶಿಕಾರಿಯವರು ಬೆಳಗಿನ ಕತ್ತಲಲ್ಲಿ ಗೂಬೆಯ ದನಿ ಮಾಡುವುದೇ ಇದಕ್ಕೆ: ಗಂಡು ತಿರುಗಿ ಕೂಗಿದರೆ ಯಾವ ಮರದಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ. ಅಂದರೆ ಆ ಗುಡುಗು ನಿಮಗೆ ಹಕ್ಕಿಯ ಜಾಗ ತೋರಿಸಿಕೊಟ್ಟಿತ್ತು. ಅಜ್ಜ ಆಗ ತಲೆ ಆ ಕಡೆ ತಿರುಗಿಸಿರಬೇಕು. ನೀವು ಅದನ್ನು ಬರೆಯಲಿಲ್ಲ, ಆರ್ತನಾದ ಬರೆದಿರಿ.

ಇನ್ನು ಈ ಸಾಲು: ‘ಪ್ರಕೃತಿ ಮುನಿಸಿಕೊಂಡಿತ್ತು. ಕಾಡು ಮೌನವಾಗಿತ್ತು.’ ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತಂದ ಸಾಲು. ಮಳೆಯಲ್ಲಿ ಕಾಡು ಮೌನವಾಗಿರುತ್ತದಾ? ಎಲೆಯಿಂದ ಎಲೆಗೆ ಹನಿ ತೊಟ್ಟಿಕ್ಕುತ್ತದೆ, ಗಾಳಿಗೆ ಇಡೀ ಕಾಡು ಅಲುಗಾಡುತ್ತದೆ. ಟರ್ಕಿ ಮೂಗನ್ನು ನಂಬಿ ಬದುಕುವ ಹಕ್ಕಿಯಲ್ಲ. ಕಣ್ಣು, ಕಿವಿ, ಇವೆರಡರಿಂದಲೇ ಜೀವ ಉಳಿಸಿಕೊಳ್ಳುತ್ತದೆ. ಎಲ್ಲ ಕಡೆ ಸದ್ದು, ಎಲ್ಲ ಕಡೆ ಅಲುಗಾಟ ಇದ್ದಾಗ ಪೊದೆಯಲ್ಲಿ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಬಂದರೂ ಗೊತ್ತಾಗುವುದಿಲ್ಲ. ಅದಕ್ಕೇ ಮಳೆ ಹಿಡಿದರೆ ಅವು ಕಾಡು ಬಿಟ್ಟು ಬಯಲಿಗೆ, ಹುಲ್ಲುಗಾವಲಿಗೆ ಬಂದು ನಿಲ್ಲುತ್ತವೆ. ಬರೀ ಗಾಳಿಯಾದರೆ ಗಾಳಿ ತಾಗದ ಇಳಿಜಾರು, ಕಣಿವೆ ಹುಡುಕುತ್ತವೆ. ನಿಮ್ಮ ಅಜ್ಜ ಹತ್ತು ಗಂಟೆಗೆ ಏನೂ ಹೇಳದೆ ಎದ್ದು, ದನ ಮೇಯುವ ಬಯಲಿನ ಅಂಚಿಗೆ ಹೋಗಿ ಕೂತರು ಅಂತ ನೀವೇ ಬರೆದಿದ್ದೀರಿ, ಕಾರಣ ಮಾತ್ರ ಬರೆದಿಲ್ಲ. ಕಾರಣ ಆ ಸದ್ದು. ನೀವು ಮೌನ ಅಂದಿರಲ್ಲ, ಅದೇ ಸದ್ದು.

ಇಷ್ಟು ಕಟುವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದೇ ತಪ್ಪು ನಾನೂ ಮಾಡಿದವನು. ಇಪ್ಪತ್ತೆರಡನೇ ವಯಸ್ಸಿಗೆ ಮಲೆನಾಡಿನ ಒಂದು ವಾರಪತ್ರಿಕೆಗೆ ಸೇರಿದ್ದೆ. ಆಷಾಢದ ಮಳೆಗೆ ಗೋಡೆ ಕುಸಿದ ಒಂದು ಮನೆಯ ಬಗ್ಗೆ ಬರೆದು ತಂದೆ. ‘ವರುಣನ ಆರ್ಭಟ’ ಅಂತ ಶುರು, ‘ಮುಗಿಲು ಹರಿದು ಬಿತ್ತು’ ಅಂತ ಕೊನೆ. ಸಂಪಾದಕರು ಓದಿ, ಹಾಳೆ ಮೇಜಿನ ಮೇಲಿಟ್ಟು, ಒಂದೇ ಪ್ರಶ್ನೆ ಕೇಳಿದರು: ‘ಆ ಮನೆಯಲ್ಲಿ ಕೋಳಿ ಇದ್ದವಾ? ಮಳೆ ಹೊಯ್ಯುವಾಗ ಎಲ್ಲಿ ನಿಂತಿದ್ದವು?’ ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಮೊದಲ ಬಸ್ಸಿಗೆ ವಾಪಸ್ ಹೋಗಿ ಆ ಮನೆಯ ಜಗಲಿಯಲ್ಲಿ ಎರಡು ಗಂಟೆ ಕೂತೆ. ಜಿಟಿಜಿಟಿ ಮಳೆಗೆ ಕೋಳಿಗಳು ಅಂಗಳ ಕೆದಕುತ್ತಲೇ ಇದ್ದವು. ಜೋರಾದಾಗ ಎತ್ತಿನ ಗಾಡಿಯ ಕೆಳಗೆ ಸೇರಿ, ಬಾಲ ಇಳಿಬಿಟ್ಟು, ಒಂದು ಕಾಲು ಮಡಚಿ ನಿಂತವು. ಬಿದ್ದ ಗೋಡೆಯ ಹತ್ತಿರ ಒಂದೂ ಹೋಗಲಿಲ್ಲ. ಅವು ದಿನಾ ಮಲಗುತ್ತಿದ್ದ ಬುಟ್ಟಿ ಆ ಗೋಡೆಯ ಕೆಳಗೇ ಇತ್ತು. ಮನೆಯ ಅಮ್ಮ ಅದನ್ನು ಹೇಳುವಾಗ ಮೊದಲ ಸಲ ಅತ್ತರು. ಪತ್ರಿಕೆಯಲ್ಲಿ ಅಚ್ಚಾಗಿದ್ದು ಬರೀ ಆ ಭಾಗ. ವರುಣ ಹೋದ, ಕೋಳಿ ಉಳಿಯಿತು.

ನಿಮ್ಮ ಬರಹದಲ್ಲೂ ಅಂಥದ್ದೊಂದಿದೆ. ಮೂರನೇ ಪುಟದಲ್ಲಿ, ಅರ್ಧ ಸಾಲಿನಲ್ಲಿ, ‘ಅಜ್ಜ ಬ್ರೆಡ್ ಕವರಿನಲ್ಲಿ ಕೈಹಾಕಿ ಏನೋ ಮಾಡುತ್ತಿದ್ದರು’ ಅಂತ ಬರೆದು ಮುಂದೆ ಹೋಗಿದ್ದೀರಿ. ನನಗೆ ಮೈ ಜುಮ್ಮೆಂದ ಜಾಗ ಅದು! ಒಳಗಿದ್ದದ್ದು ಬಾಕ್ಸ್ ಕಾಲ್ ಇರಬೇಕು. ತೆಳು ಮರದ ಪುಟ್ಟ ಪೆಟ್ಟಿಗೆ, ಅದರ ಮುಚ್ಚಳಕ್ಕೆ ಸೀಮೆಸುಣ್ಣ ಸವರಿ ಉಜ್ಜಿದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ. ಒದ್ದೆಯಾದರೆ ದನಿ ಹೊರಡುವುದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟುಕೊಂಡು ಉಜ್ಜುತ್ತಾರೆ. ಮಳೆಯಲ್ಲಿ ನೆನೆಯುತ್ತಾ, ಒಂದು ಬ್ರೆಡ್ ಕವರಿನೊಳಗೆ ಎರಡೂ ಕೈ ತೂರಿಸಿ, ಬಯಲಿನ ಆಚೆ ಕಂಬದ ಹಾಗೆ ನಿಂತ ಹಕ್ಕಿಯನ್ನು ಕರೆಯುತ್ತಿರುವ ಮುದುಕರು. ನಿಮ್ಮ ಪಕ್ಕದಲ್ಲೇ ಇದ್ದರು!

ಅಜ್ಜನ ಹತ್ತಿರ ಹೋಗಿ ಆ ಪೆಟ್ಟಿಗೆ ಕೇಳಿ. ನೀವೇ ಒಮ್ಮೆ ಉಜ್ಜಿ ನೋಡಿ, ಆಮೇಲೆ ಸ್ವಲ್ಪ ನೀರು ತಾಗಿಸಿ ಏನಾಗುತ್ತದೆ ಕೇಳಿಸಿಕೊಳ್ಳಿ, ಅಜ್ಜ ಒಪ್ಪಿದರೆ. ಆ ದಿನ ಹಕ್ಕಿ ಬಯಲಲ್ಲಿ ಎಷ್ಟು ದೂರ ನಿಂತಿತ್ತು, ತಿರುಗಿ ನೋಡಿತಾ, ಅದನ್ನೂ ಕೇಳಿ. ಮೊದಲ ಎರಡು ಪುಟ ತೆಗೆದು, ಬ್ರೆಡ್ ಕವರಿನಿಂದ ಶುರು ಮಾಡಿ ಕಳಿಸಿ. ಜಾಗ ಇಟ್ಟಿರುತ್ತೇನೆ.