ಬೋರಾನ್ ಕಾರ್ಬೈಡ್ ಲೇಖನವನ್ನು ಮರಳಿಸುತ್ತಾ

ನಮಸ್ಕಾರ.

ಬೋರಾನ್ ಮತ್ತು ಇಂಗಾಲ ಸೇರಿದ ಗಡಸು ವಸ್ತುವಾದ ಬೋರಾನ್ ಕಾರ್ಬೈಡ್ ಕುರಿತು 'ವಜ್ರದ ತಮ್ಮ' ಎಂಬ ತಲೆಬರಹದಲ್ಲಿ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮಾಹಿತಿ ಸಾಲದೆಂದಲ್ಲ, ಮೊದಲ ಪ್ಯಾರಾದಲ್ಲೇ "ಯಾವ ಪೆಟ್ಟಿಗೂ ಒಡೆಯದ ವಸ್ತು" ಎಂದು ಬರೆದು, ಮುಂದಿನದೆಲ್ಲವನ್ನೂ ಆ ತಪ್ಪಿನ ಮೇಲೆ ಕಟ್ಟಿದ್ದೀರಿ.

ಗಡಸುತನ ಬೇರೆ, ಪೆಟ್ಟು ತಾಳುವ ಗುಣ ಬೇರೆ. ಗಡಸುತನದಲ್ಲಿ ವಜ್ರ ಮತ್ತು ಕ್ಯೂಬಿಕ್ ಬೋರಾನ್ ನೈಟ್ರೈಡ್‌ಗಳ ಬೆನ್ನಿಗೇ ನಿಲ್ಲುವ ಈ ವಸ್ತುವಿನ ಮೇಲೆ ಗೀರು ಮೂಡಿಸುವುದು ಬಹಳ ಕಷ್ಟ. ಆದರೆ ಲೋಹದಲ್ಲಿ ಪರಮಾಣುಗಳ ಪದರಗಳು ಜಾರಿ ಪೆಟ್ಟನ್ನು ನುಂಗಿಕೊಳ್ಳುವಂತೆ ಇಲ್ಲಿ ಜಾರಲಾರವು, ಆದ್ದರಿಂದ ಒಮ್ಮೆ ಹುಟ್ಟಿದ ಬಿರುಕು ತಡೆಯಿಲ್ಲದೆ ಓಡುತ್ತದೆ.

ಇದಕ್ಕೆ ಸಾಕ್ಷಿ ನಿಮ್ಮ ಲೇಖನದಲ್ಲೇ ಇದೆ, ನೀವು ಗಮನಿಸಿಲ್ಲ. ರಭಸದ ಗಾಳಿಯೊಂದಿಗೆ ಮರಳನ್ನು ಚಿಮ್ಮಿಸಿ ತುಕ್ಕು ತೆಗೆಯುವ ನಾಝಲ್‌ನ ವಿವರಣೆ ಇಡೀ ಬರಹದ ಅತ್ಯುತ್ತಮ ಭಾಗ. ಉಕ್ಕಿನ ನಾಝಲ್‌ನ ರಂಧ್ರ ಬೇಗ ಸವೆದು ಅಗಲವಾಗುತ್ತದೆ, ಗಾಳಿಯ ಒತ್ತಡ ಕುಸಿಯುತ್ತದೆ. ಬೋರಾನ್ ಕಾರ್ಬೈಡ್‌ನದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಬಾಳುತ್ತದೆ. ಹಾಗಿದ್ದೂ ಅದಕ್ಕೆ ಲೋಹದ ಹೊರಕವಚ ತೊಡಿಸುವುದೇಕೆ? ಕೈಜಾರಿ ಬಿದ್ದರೆ ಸೀಳಬಾರದೆಂದು. ಲೇಖನವನ್ನು ಇಲ್ಲಿಂದಲೇ ಆರಂಭಿಸಿ.

ಗುಂಡು ತಡೆಯುವ ಫಲಕದ ಪ್ಯಾರಾವನ್ನೂ ತಿದ್ದಬೇಕು. ಘನ ಸೆಂಟಿಮೀಟರಿಗೆ ಸುಮಾರು 2.52 ಗ್ರಾಂ, ಅಂದರೆ ಅಲ್ಯೂಮಿನಿಯಂಗಿಂತಲೂ ಹಗುರ ಎಂಬುದೇ ಫಲಕಕ್ಕೆ ಬೋರಾನ್ ಕಾರ್ಬೈಡನ್ನು ಆಯ್ದುಕೊಳ್ಳಲು ಮುಖ್ಯ ಕಾರಣ. ನೀವು ಅದನ್ನೇ ಬಿಟ್ಟಿದ್ದೀರಿ. ಫಲಕ ಗುಂಡನ್ನು ಪುಡಿಮಾಡುವಾಗ ತಾನೂ ಒಡೆಯುತ್ತದೆ, ಚೂರುಗಳನ್ನು ಹಿಂದಿನ ನಾರಿನ ಪದರ ಹಿಡಿದಿಡುತ್ತದೆ. ಹೊಡೆತದ ಒತ್ತಡ ಅತಿಯಾದಾಗ ಅದರ ಸ್ಫಟಿಕ ರಚನೆಯೇ ಸಣ್ಣ ಪಟ್ಟಿಗಳಲ್ಲಿ ಕುಸಿದು ಬಲ ಕುಂದುವುದನ್ನು ಸಂಶೋಧಕರು ಕಂಡಿದ್ದಾರೆ. ಹೊಗಳಿಕೆಯ ನಡುವೆ ಇಂಥ ಒಂದು ಮಿತಿಗೂ ಜಾಗವಿರಲಿ.

"ಎಲ್ಲ ವಿಕಿರಣವನ್ನೂ ತಡೆಯುತ್ತದೆ" ಎಂಬ ವಾಕ್ಯವನ್ನು ದಯವಿಟ್ಟು ಅಳಿಸಿ. ಪರಮಾಣು ಸ್ಥಾವರದ ನಿಯಂತ್ರಣ ದಂಡಗಳಲ್ಲಿ ಇದರ ಕೆಲಸ ನ್ಯೂಟ್ರಾನ್‌ಗಳನ್ನು ಹೀರುವುದು. ನಿಸರ್ಗದ ಬೋರಾನ್‌ನಲ್ಲಿ ಸುಮಾರು 20% ಇರುವ ಬೋರಾನ್-10 ಎಂಬ ಬಗೆಯ ಪರಮಾಣು ನ್ಯೂಟ್ರಾನನ್ನು ನುಂಗಿ ಲಿಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಆ ಹೀಲಿಯಂ ಒಳಗೇ ಸೇರಿಕೊಂಡು ವಸ್ತು ಊದಿಕೊಳ್ಳುತ್ತದೆ. ಇಲ್ಲಿ ಗಡಸುತನಕ್ಕೆ ಪಾತ್ರವೇ ಇಲ್ಲ.

ಬೋರಾನ್ ಆಕ್ಸೈಡನ್ನು ಇಂಗಾಲದೊಂದಿಗೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸುವ ತಯಾರಿಕೆಯ ವಿವರ ಎರಡು ವಾಕ್ಯಕ್ಕೆ ಇಳಿಯಲಿ. ಕೊನೆಯ ಉಪಯೋಗಗಳ ಪಟ್ಟಿ ಬೇಡವೇ ಬೇಡ. ಅದು ಪರೀಕ್ಷೆಯ ಉತ್ತರಪತ್ರಿಕೆಯಂತಿದೆ. ತಲೆಬರಹವನ್ನೂ ಬದಲಿಸಿ: ವಜ್ರ ಬರೀ ಇಂಗಾಲ, ಇದರಲ್ಲಿ ಹೆಚ್ಚುಕಡಿಮೆ ಐದು ಪರಮಾಣುಗಳಿಗೆ ನಾಲ್ಕು ಬೋರಾನ್. ತಿದ್ದಿದ ಪ್ರತಿಯನ್ನು ಮತ್ತೆ ನನಗೇ ಕಳುಹಿಸಿ.