ಕೇಳಿ, ಹೇಳ್ತೀವಿ: ಹಳೇ ಕಂಪ್ಯೂಟರ್ ಸಿಕ್ಕಿದೆ, ಪುಸ್ತಕ ಸಿಕ್ಕಿಲ್ಲ

ಪ್ರಶ್ನೆ: ಸರ್, ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. 80ರ ದಶಕದಲ್ಲಿ ಸರ್ಕಾರದ ಕ್ಲಾಸ್ ಅನ್ನೋ ಕಂಪ್ಯೂಟರ್ ಕಲಿಕೆ ಯೋಜನೆಲಿ ಸ್ಕೂಲುಗಳಿಗೆ ಬಂದಿದ್ವಲ್ಲ, ಬಿಬಿಸಿ ಮೈಕ್ರೋ ಕಂಪ್ಯೂಟರ್, ಅಂಥದ್ದೊಂದು ಗುಜರಿಲಿ 800 ರೂಪಾಯಿಗೆ ಸಿಕ್ತು. ಪುಸ್ತಕ ಒಂದೂ ಇಲ್ಲ. ಆನ್ ಮಾಡಿ ನೋಡ್ಲಾ? ಮ್ಯಾನ್ಯುಯಲ್ ಎಲ್ಲಿ ಹುಡುಕ್ಲಿ?
– ಹಾಸನದ ಓದುಗರು

ಉತ್ತರ: ಮೇಷ್ಟ್ರೇ, ದಮ್ಮಯ್ಯ, ಪ್ಲಗ್ ಹಾಕ್ಬೇಡಿ. ನಿಮ್ಮ ಕಾಗದ ನೋಡಿ ನಂಗೆ ನನ್ನದೇ ಕಥೆ ನೆನಪಾಯ್ತು. ನಾನೂ ಇದೇ ಮೆಷಿನ್ ತಂದು ಅವತ್ತು ರಾತ್ರಿನೇ ಸ್ವಿಚ್ ಹಾಕ್ದೆ, ಬೂ-ಬೀಪ್ ಅಂತ ಎರಡು ಸ್ವರ ಬಂತು, ಸ್ಕ್ರೀನ್ ಮೇಲೆ ಅಕ್ಷರನೂ ಬಂತು, ಖುಷಿಯಾಗಿ ಹೆಂಡತಿನ ಕರೆದು ತೋರಿಸ್ತಾ ಇದ್ದೀನಿ, ಹತ್ತು ನಿಮಿಷಕ್ಕೆ ಟಪ್ ಅಂತ ಸದ್ದಾಗಿ ಹೊಗೆ, ಆ ನಾತ ಎರಡು ದಿನ ರೂಮ್ ಬಿಟ್ಟು ಹೋಗ್ಲಿಲ್ಲ. ತಮಾಷೆ ಏನಂದ್ರೆ ಹೊಗೆ ಬರ್ತಾ ಇದ್ರೂ ಕಂಪ್ಯೂಟರ್ ಮಾತ್ರ ಆರಾಮಾಗಿ ಓಡ್ತಾನೇ ಇತ್ತು.

ಆಗಿದ್ದು ಇಷ್ಟೇ. ಪವರ್ ಸಪ್ಲೈ ಒಳಗೆ, ಮೇನ್ಸ್ ಕರೆಂಟ್ ಬರೋ ಜಾಗದಲ್ಲೇ, ಜೇನುಬಣ್ಣದ ಪಾರದರ್ಶಕ ಡಬ್ಬಿ ಥರದ ಎರಡು ಕೆಪಾಸಿಟರ್ (ವಿದ್ಯುತ್ ಹಿಡಿದಿಡೋ ಬಿಡಿಭಾಗ) ಇರುತ್ತೆ. 40 ವರ್ಷದಲ್ಲಿ ಅವುಗಳ ಮೈಯೆಲ್ಲ ಕೂದಲೆಳೆ ಬಿರುಕು, ಆ ಬಿರುಕಲ್ಲಿ ತೇವ ಹೋಗಿ ಒಳಗಿನ ಪೇಪರ್ ನೆಂದಿರುತ್ತೆ, ಕರೆಂಟ್ ಕೊಟ್ರೆ ಸಿಡಿಯುತ್ತೆ. ನಮ್ಮ ಮಳೆಗಾಲಗಳನ್ನೆಲ್ಲ ಕಂಡ ಮೆಷಿನ್ನಲ್ಲಿ ಕೇಳ್ಬೇಕಾ. ದೊಡ್ಡದು 0.1 ಮೈಕ್ರೋಫ್ಯಾರಡ್, ಚಿಕ್ಕದು 0.01, ಎರಡನ್ನೂ ಬದಲಾಯಿಸ್ಬೇಕು, ಹೊಸದರ ಮೇಲೆ ಎಕ್ಸ್2 ಅನ್ನೋ ಸುರಕ್ಷತೆ ಗುರುತು ಇರ್ಲೇಬೇಕು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ, ಆದ್ರೆ ಆ ಪವರ್ ಸಪ್ಲೈನ ನೀವೇ ಬಿಚ್ಬೇಡಿ, ಟಿವಿ ರಿಪೇರಿ ಮಾಡೋರ ಹತ್ರ ಕೊಡಿ.

ಈಗ ಪುಸ್ತಕದ ವಿಷಯ. ನೀವು ಮ್ಯಾನ್ಯುಯಲ್ ಅಂದ್ರಲ್ಲ, ಅದು ಒಂದಲ್ಲ ಮೇಷ್ಟ್ರೇ, ಎರಡು. ಯೂಸರ್ ಗೈಡ್ ಬೇರೆ, ಸರ್ವಿಸ್ ಮ್ಯಾನ್ಯುಯಲ್ ಬೇರೆ. ಜಾನ್ ಕೋಲ್ ಬರೆದ ಯೂಸರ್ ಗೈಡಲ್ಲಿ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋದು, ಟೇಪಿಂದ ಪ್ರೋಗ್ರಾಂ ಲೋಡ್ ಮಾಡೋದು ಎಲ್ಲಾ ಇದೆ, ಪಾಠ ಮಾಡಿದೋರಿಗೆ ಓದೋಕೂ ಚೆನ್ನಾಗಿದೆ, ಆದ್ರೆ ರಿಪೇರಿಗೆ ಬೇಕಾಗೋದು ಈ ಮೆಷಿನ್ ಮಾಡಿದ ಏಕಾರ್ನ್ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್. ಎರಡೂ ಸ್ಕ್ಯಾನ್ ಆಗಿ ಇಂಟರ್ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ, ಇಂಟರ್ನೆಟ್ ಆರ್ಕೈವಲ್ಲಿ ಮೊದಲು ನೋಡಿ. ಹುಡುಕೋ ಮುಂಚೆ ಕಂಪ್ಯೂಟರ್ ಮುಚ್ಚಳ ತೆಗೀರಿ, ಹಿಂದೆ ಎರಡು, ಕೆಳಗೆ ಎರಡು ಸ್ಕ್ರೂ, ಪಕ್ಕದಲ್ಲಿ ಫಿಕ್ಸ್ ಅಂತ ಬರೆದಿರುತ್ತೆ. ಒಳಗೆ ಬೋರ್ಡ್ ಮೇಲೆ ಇಶ್ಯೂ 4, ಇಶ್ಯೂ 7 ಅಂತ ಏನೋ ಒಂದು ಆವೃತ್ತಿ ನಂಬರ್ ಪ್ರಿಂಟಾಗಿರುತ್ತೆ, ಅದನ್ನ ಬರ್ಕೊಳ್ಳಿ. ಒಂದು ಇಶ್ಯೂ ಇದ್ದಂಗೆ ಇನ್ನೊಂದು ಇರಲ್ಲ, ಬೇರೆ ಇಶ್ಯೂ ಸರ್ಕ್ಯೂಟ್ ಇಟ್ಕೊಂಡು ನಾನು ಒಂದು ಭಾನುವಾರ ಪೂರ್ತಿ ಬೋರ್ಡಲ್ಲಿ ಇಲ್ಲದ ಲಿಂಕ್ (ತಂತಿ ಜೋಡಣೆ) ಹುಡುಕಿದ್ದೀನಿ.

ಅಚ್ಚಾದ ಪುಸ್ತಕನೇ ಬೇಕು ಅಂದ್ರೆ ಅವೆನ್ಯೂ ರೋಡ್ ಫುಟ್‌ಪಾತ್ ಸುತ್ತಿ, ಜೊತೆಗೆ ನಿಮ್ಮ ಜೊತೆ ಕೆಲಸ ಮಾಡಿದ ಮೇಷ್ಟ್ರುಗಳ ಅಟ್ಟದ ಮೇಲೂ ಒಂದ್ಸಲ ನೋಡ್ಸಿ. ಕ್ಲಾಸ್ ಯೋಜನೆ ಶುರುವಾಗಿದ್ದು 1984ರಲ್ಲಿ, ಆವಾಗ ಟ್ರೈನಿಂಗಿಗೆ ಹೋದೋರು ಕೊಟ್ಟ ಕಾಗದನೆಲ್ಲ ಜೋಪಾನ ಮಾಡಿರ್ತಾರೆ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದೇ ಮೆಷಿನ್ನ ಯೂನಿಕಾರ್ನ್ ಅಂತ ಇಲ್ಲೇ ಮಾಡಿತ್ತು. ಅದರ ಪುಸ್ತಕ ಏನಾದ್ರೂ ಕಂಡ್ರೆ ರೇಟ್ ಚೌಕಾಸಿ ಮಾಡದೆ ತಗೊಂಬಿಡಿ, ತಂದು ಸ್ಕ್ಯಾನ್ ಮಾಡಿ. ಇಂಗ್ಲೆಂಡಿನ ಪುಸ್ತಕ ಸ್ಕ್ಯಾನ್ ಮಾಡೋಕೆ ಅಲ್ಲಿ ನೂರು ಜನ ಇದ್ದಾರೆ, ನಮ್ಮದು ಮಾಡೋಕೆ ನಾವೇ ಆಗ್ಬೇಕು.

ಪ್ರಶ್ನೆ: ಅಣ್ಣಾ, ನಮ್ಮ ಮಾವ ದುಬೈಯಿಂದ ತಂದಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಅನ್ನೋ ಹಳೇ ಕಂಪ್ಯೂಟರ್ ಇದೆ. ಅಡಾಪ್ಟರ್ ಕಳೆದೋಗಿದೆ. ಮನೇಲಿರೋ ರೂಟರ್ದು 9 ವೋಲ್ಟೇ, ಅದನ್ನೇ ಹಾಕ್ಲಾ? ಮತ್ತೆ ಇದರಲ್ಲಿ ಎಲ್ ಒತ್ತಿದ್ರೆ ಲೆಟ್ ಅಂತ ಬರುತ್ತಂತೆ, ಕೀಬೋರ್ಡ್ ಕೆಟ್ಟಿದ್ಯಾ?
– ಮಂಗಳೂರಿನ ಕಾಲೇಜು ಹುಡುಗ

ಉತ್ತರ: ಹಾಕ್ಬೇಡ ಮಾರಾಯ! ವೋಲ್ಟ್ ಒಂದೇ ಇರ್ಬೋದು, ಆದ್ರೆ ಸ್ಪೆಕ್ಟ್ರಮ್ ಪ್ಲಗ್ಗಲ್ಲಿ ನಡುವಿನ ಪಿನ್ ಮೈನಸ್ಸು, ರೂಟರ್ದು ಸಾಮಾನ್ಯವಾಗಿ ಪ್ಲಸ್ಸು. ಉಲ್ಟಾ ಕೊಟ್ರೆ ಒಳಗೆ 12 ವೋಲ್ಟು, ಮೈನಸ್ 5 ವೋಲ್ಟು ತಯಾರು ಮಾಡೋ ಸರ್ಕ್ಯೂಟ್ ಸುಡುತ್ತೆ, ಅದು ಹೋಗೋವಾಗ ಮೆಮೊರಿ ಚಿಪ್ಪುಗಳನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ. 9 ವೋಲ್ಟ್, 1.4 ಆಂಪಿಯರ್, ನಡುವೆ ಮೈನಸ್, ಇಷ್ಟನ್ನ ಚೀಟಿಲಿ ಬರೆದು ಅಂಗಡಿಯವರಿಗೆ ಕೊಡು, ತಂದ್ಮೇಲೆ ಮೀಟರ್ ಇಟ್ಟು ನೀನೇ ಒಂದ್ಸಲ ನೋಡು.

ಕೀಬೋರ್ಡ್ ಕೆಟ್ಟಿಲ್ಲ, ಅದರ ಗುಣನೇ ಹಾಗೆ. ಒಂದೊಂದು ಕೀಗೆ ಒಂದೊಂದು ಬೇಸಿಕ್ ಪದ ಪೂರ್ತಿ ಅಂಟಿಸಿದ್ದಾರೆ, ಲೋಡ್ ಅಂತ ನೀನು ಟೈಪ್ ಮಾಡೋ ಹಾಗಿಲ್ಲ, ಜೆ ಒತ್ಬೇಕು, ಆಮೇಲೆ ಸಿಂಬಲ್ ಶಿಫ್ಟ್ ಹಿಡ್ಕೊಂಡು ಎರಡು ಸಲ ಪಿ, ಎಂಟರ್, ಆಮೇಲೆ ಟೇಪ್ ಪ್ಲೇ. ಇದು ಪುಸ್ತಕ ಇಲ್ಲದೆ ಯಾರಿಗೂ ಹೊಳೆಯಲ್ಲ. 1982ರಲ್ಲಿ ಸ್ಟೀವನ್ ವಿಕರ್ಸ್ ಬರೆದ ಮ್ಯಾನ್ಯುಯಲ್ ಸುಲಭವಾಗಿ ಸಿಗುತ್ತೆ, ಮೊದಲ ಕೆಲವು ಪಾಠನಾದ್ರೂ ಪ್ರಿಂಟ್ ತಗೊಂಡು ಪಕ್ಕದಲ್ಲಿಟ್ಕೋ, ಮೊಬೈಲಲ್ಲಿ ಝೂಮ್ ಮಾಡ್ತಾ ಕೂತ್ರೆ ತಲೆ ಕೆಡುತ್ತೆ.

ಪ್ರಶ್ನೆ: ಅಪ್ಪನ ಆಫೀಸಲ್ಲಿದ್ದ ಲೋಕಲ್ ಅಸೆಂಬಲ್ಡ್ ಪಿಸಿ ಎಕ್ಸ್‌ಟಿ (ಐಬಿಎಂನ ಹಳೇ ಪಿಸಿ ಮಾದರಿದು) ಇದೆ. ಹೆಸರೂ ಇಲ್ಲ, ಮ್ಯಾನ್ಯುಯಲ್ಲೂ ಇಲ್ಲ. ಬಿಸಾಕೋದೇ?
– ದಾವಣಗೆರೆಯ ಓದುಗರು

ಉತ್ತರ: ಯಾಕ್ರೀ ಬಿಸಾಕ್ತೀರಾ. ಆ ಬೋರ್ಡುಗಳೆಲ್ಲ ಐಬಿಎಂನ ನೋಡ್ಕೊಂಡೇ ಮಾಡಿದ್ದು, ಐಬಿಎಂ ತನ್ನ ಟೆಕ್ನಿಕಲ್ ರೆಫರೆನ್ಸಲ್ಲಿ ಸರ್ಕ್ಯೂಟು, ಬಯಾಸ್ (ಆನ್ ಮಾಡಿದ ತಕ್ಷಣ ಓಡೋ ಪ್ರೋಗ್ರಾಂ) ಕೋಡು ಎಲ್ಲಾ ಅಚ್ಚು ಹಾಕಿಬಿಟ್ಟಿತ್ತು. ಹಳೇ ಕಂಪ್ಯೂಟರ್ ಪುಸ್ತಕಗಳ ವೆಬ್‌ಸೈಟ್ ಬಿಟ್‌ಸೇವರ್ಸಲ್ಲಿ ಅದನ್ನ ಹುಡುಕಿ, ಬೋರ್ಡ್ ಮೇಲಿನ ಸ್ವಿಚ್ ಸೆಟ್ಟಿಂಗ್ ಬಹುಪಾಲು ಹೊಂದುತ್ತೆ. ಬೋರ್ಡ್ ಕ್ಲೀನ್ ಮಾಡೋವಾಗ ಕೆಲವು ಚಿಪ್ ಮೇಲೆ ಹಳೇ ಸ್ಟಿಕ್ಕರ್ ಕಾಣುತ್ತೆ, ಕೊಳಕಾಗಿದೆ ಅಂತ ಕೀಳ್ಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇರುತ್ತೆ, ಬಿಸಿಲು ಬಿದ್ರೆ ಒಳಗಿರೋ ಪ್ರೋಗ್ರಾಂ ನಿಧಾನಕ್ಕೆ ಅಳಿಸಿಹೋಗುತ್ತೆ.